ಉದ್ಯೋಗಕ್ಕೆ, ಅಂಗಡಿಗೆ ಕೊಂಡ ಮಾಲು ಸರಿಯಿಲ್ಲದಿದ್ದರೆ ವಾಪಸ್ ಕೊಡಬಹುದೇ?

ಪ್ರಶ್ನೆ (ದಾವಣಗೆರೆಯಿಂದ): ಮನೆಯಲ್ಲೇ ಚಪಾತಿ ಮಾಡಿ ಹಾಸ್ಟೆಲ್‌ಗಳಿಗೆ ಕೊಡುತ್ತೇನೆ. ನಾನು, ನಾದಿನಿ, ಜೊತೆಗೆ ಒಬ್ಬ ಸಹಾಯಕಿ. 68 ಸಾವಿರ ಕೊಟ್ಟು ಹಿಟ್ಟು ಕಲಸುವ ಯಂತ್ರ ತಂದೆ. 10 ಕಿಲೋ ಹಿಟ್ಟು ಕಲಸುತ್ತದೆ ಅಂದಿದ್ದರು. 6 ಕಿಲೋ ಹಾಕಿದರೇ ಮೋಟಾರ್ ಕಾದು ನಿಂತುಬಿಡುತ್ತದೆ. ಬಿಲ್ಲಿನ ಕೆಳಗೆ ‘ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ’ ಅಂತ ಅಚ್ಚಾಗಿದೆ. ‘ಜಿಎಸ್‌ಟಿ ನಂಬರ್ ಹಾಕಿಸಿ ಬಿಲ್ ಮಾಡಿಸಿದ್ದೀರಿ, ಗ್ರಾಹಕರ ಕೋರ್ಟಿಗೆ ಹೋಗೋಕಾಗಲ್ಲ’ ಅನ್ನುತ್ತಿದ್ದಾರೆ. ನಿಜವೇ?

ಉತ್ತರ (ವಕೀಲರು): ಮೇಡಂ, ಅವರು ಹೇಳಿದ್ದು ಅರ್ಧ ಸತ್ಯ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 2(7) ಪ್ರಕಾರ ಮರುಮಾರಾಟಕ್ಕೆ ಅಥವಾ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ. ಆದರೆ ಅಲ್ಲೇ ಒಂದು ವಿವರಣೆ ಇದೆ. ಸ್ವಂತ ದುಡಿಮೆಯಿಂದ ಹೊಟ್ಟೆಪಾಡು ನಡೆಸಲಿಕ್ಕೆಂದೇ ಕೊಂಡು ತಾವೇ ಬಳಸುವ ವಸ್ತು ವಾಣಿಜ್ಯ ಉದ್ದೇಶಕ್ಕೆ ಸೇರುವುದಿಲ್ಲ. ಒಬ್ಬಿಬ್ಬರ ಸಹಾಯ ಪಡೆದ ಮಾತ್ರಕ್ಕೆ ಈ ರಕ್ಷಣೆ ತಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಯಂತ್ರವನ್ನು ಪೂರ್ತಿ ಕೆಲಸದಾಳುಗಳ ಕೈಗೆ ಬಿಟ್ಟು ನೀವು ಲಾಭ ಎಣಿಸುತ್ತಿದ್ದರೆ ಮಾತು ಬೇರೆ. ವಾಣಿಜ್ಯ ಉದ್ದೇಶವೆಂದು ಸಾಬೀತು ಮಾಡುವ ಹೊಣೆ ಹಾಗೆ ತಕರಾರು ಎತ್ತುವ ಎದುರುಪಕ್ಷದ್ದೇ ಎಂದು 2024ರಲ್ಲಿ ಅದೇ ಕೋರ್ಟ್ ಹೇಳಿತು.

ಹಾಗಂತ ಜಿಎಸ್‌ಟಿ ನಂಬರ್ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಿಲ್ಲಿನ ಮೇಲೆ ನಂಬರ್ ಇದ್ದು, ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ಟನ್ನೂ (ಖರೀದಿಗೆ ಕೊಟ್ಟ ಜಿಎಸ್‌ಟಿಯನ್ನು ನೀವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ತೆಗೆದುಕೊಂಡಿದ್ದರೆ ಎದುರು ವಕೀಲರು ಮೊದಲು ಹಿಡಿಯುವುದೇ ಅದನ್ನು. ಅದರಿಂದಲೇ ಕೇಸು ಬಿದ್ದುಹೋಗುವುದಿಲ್ಲ, ಆದರೆ ದೂರಿನಲ್ಲಿ ‘ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿ ಮಾತ್ರ ಕೊಂಡದ್ದು, ನಾನೇ ನಡೆಸುತ್ತೇನೆ’ ಎಂಬ ಮಾತು ಸ್ಪಷ್ಟವಾಗಿ ಇರಲೇಬೇಕು. ಎಷ್ಟೋ ದೂರುಗಳು ಈ ಒಂದು ವಾಕ್ಯವಿಲ್ಲದೆ ಸೊರಗುತ್ತವೆ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ (ಜನ ಗ್ರಾಹಕರ ಕೋರ್ಟ್ ಅನ್ನುವುದು ಇದನ್ನೇ) 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ದೂರು ಕೊಡಲು ಗಡುವು 2 ವರ್ಷ. ಮೊದಲು ಗ್ರಾಹಕರ 1915 ಸಹಾಯವಾಣಿಗೆ ದೂರು ಕೊಟ್ಟು ನೋಡಬಹುದು.

ನೀವು ಗ್ರಾಹಕರೆಂದು ಒಪ್ಪಿತವಾದರೆ ಆ ಅಚ್ಚು ಸಾಲಿಗೆ ಹೆದರಬೇಕಿಲ್ಲ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಕೊಡಲು ಒಪ್ಪದಿರುವುದು ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ.

ಗ್ರಾಹಕರಲ್ಲವೆಂದು ತೀರ್ಮಾನವಾದರೂ ಬರಿಗೈ ಆಗುವುದಿಲ್ಲ. 1930ರ ಸರಕು ಮಾರಾಟ ಕಾಯ್ದೆ ವ್ಯಾಪಾರಸ್ಥರಿಗೂ ಅನ್ವಯ. ಅದರ ಸೆಕ್ಷನ್ 16 ನಿಮಗೆ ಮುಖ್ಯ: ಯಾವ ಕೆಲಸಕ್ಕೆ ಬೇಕೆಂದು ತಿಳಿಸಿ, ಮಾರುವವರ ತಿಳಿವಳಿಕೆಯನ್ನು ನಂಬಿ ಕೊಂಡಿದ್ದರೆ ಮಾಲು ಆ ಕೆಲಸಕ್ಕೆ ಒದಗಬೇಕು. ಆದ್ದರಿಂದ ‘ಚಪಾತಿ ಹಿಟ್ಟಿಗೆ, ಒಂದು ಸಲಕ್ಕೆ 10 ಕಿಲೋ’ ಎಂದು ನೀವು ಕಳಿಸಿದ ವಾಟ್ಸಾಪ್ ಮೆಸೇಜ್ ಇದ್ದರೆ ಅದು ಬಿಲ್ಲಿನಷ್ಟೇ ಬೆಲೆಯುಳ್ಳದ್ದು. ನೀವೇ ಕಂಪನಿ ಹೆಸರು, ಮಾಡೆಲ್ ನಂಬರ್ ಹೇಳಿ ‘ಇದೇ ಬೇಕು’ ಎಂದು ತರಿಸಿಕೊಂಡಿದ್ದರೆ ಈ ವಾದ ದುರ್ಬಲ. ಆಗ ಕ್ಯಾಟಲಾಗಿನಲ್ಲಿ ಬರೆದ ಸಾಮರ್ಥ್ಯವನ್ನೇ ಹಿಡಿಯಬೇಕು. ಅಲ್ಲಿ ಹೇಳಿರುವ 10 ಕಿಲೋ ಒಣ ಹಿಟ್ಟೋ, ನೀರು ಸೇರಿದ ಕಣಕವೋ ಎಂಬುದನ್ನೂ ನೋಡಿ. ಕಲಸುವ ಯಂತ್ರಗಳ ಜಗಳ ಬಹಳಷ್ಟು ಸಲ ಹುಟ್ಟುವುದೇ ಇಲ್ಲಿ. ಕೇಕ್ ಹಿಟ್ಟಿಗೆ ಹೇಳಿದ ತೂಕವನ್ನು ಗಟ್ಟಿ ಚಪಾತಿ ಹಿಟ್ಟಿಗೆ ಹಾಕಿದರೂ ಮೋಟಾರ್ ತಡೆಯದು.

ಈಗ ಮಾಡಬೇಕಾದ್ದು: ಯಂತ್ರದ ಮೇಲಿನ ವಿವರ ಫಲಕದ ಫೋಟೋ ತೆಗೆಯಿರಿ. ಹಿಟ್ಟು, ನೀರು ಎರಡನ್ನೂ ತಕ್ಕಡಿಯಲ್ಲಿ ತೂಗುವುದರಿಂದ ಹಿಡಿದು ಮೋಟಾರ್ ನಿಲ್ಲುವವರೆಗೆ ಎಲ್ಲೂ ಕತ್ತರಿಸದೆ ವಿಡಿಯೋ ಮಾಡಿ. ವೋಲ್ಟೇಜ್ ಅಳೆಸಿ, ಎಲೆಕ್ಟ್ರಿಷಿಯನ್ ಕೈಯಲ್ಲಿ ಬರೆಸಿಕೊಳ್ಳಿ. ಇಲ್ಲದಿದ್ದರೆ ‘ನಿಮ್ಮ ಮನೆ ಕರೆಂಟ್ ಸರಿಯಿಲ್ಲ’ ಎಂಬ ಉತ್ತರ ಖಂಡಿತ ಬರುತ್ತದೆ. ಬಳಿಕ ಇಮೇಲ್ ಅಥವಾ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ‘ಮಾಲನ್ನು ತಿರಸ್ಕರಿಸಿದ್ದೇನೆ’ ಎಂದು ತಿಳಿಸಿ ಯಂತ್ರ ನಿಲ್ಲಿಸಿ. ದೋಷ ಗೊತ್ತಾದ ಮೇಲೂ ದಿನಾ ನಡೆಸುತ್ತಾ, ಸುಮ್ಮನೆ ತಿಂಗಳುಗಟ್ಟಲೆ ಇಟ್ಟುಕೊಂಡರೆ ಸರಕು ಮಾರಾಟ ಕಾಯ್ದೆಯ ಸೆಕ್ಷನ್ 42ರ ಪ್ರಕಾರ ಮಾಲನ್ನು ಒಪ್ಪಿಕೊಂಡಂತೆ. ಆಮೇಲೆ ವಾಪಸ್ ಮಾಡುವ ಹಕ್ಕು ಹೋಗುತ್ತದೆ, ನಷ್ಟ ಪರಿಹಾರ ಕೇಳುವುದಷ್ಟೇ ಉಳಿಯುತ್ತದೆ.

ಪ್ರಶ್ನೆ (ಹುಬ್ಬಳ್ಳಿಯಿಂದ): ಸೀರೆ ಅಂಗಡಿ ನನ್ನದು. ಸ್ಯಾಂಪಲ್ ನೋಡಿ ಸೂರತ್‌ನಿಂದ 200 ಸೀರೆ ತರಿಸಿದೆ. ಬಂದ ಮಾಲಿನ ಬಟ್ಟೆ ತೆಳು. 30 ಮಾರಿಯಾಗಿದೆ. ಉಳಿದದ್ದು ವಾಪಸ್ ಮಾಡಬಹುದಾ ಸರ್?

ಉತ್ತರ (ವಕೀಲರು): ನಿಮ್ಮದು ಮರುಮಾರಾಟದ ಖರೀದಿ, ಗ್ರಾಹಕರ ಆಯೋಗದ ದಾರಿ ಇಲ್ಲ. ಸರಕು ಮಾರಾಟ ಕಾಯ್ದೆಯ ಸೆಕ್ಷನ್ 17 ಪ್ರಕಾರ ಮಾಲು ಸ್ಯಾಂಪಲ್‌ಗೆ ಹೊಂದಬೇಕು, ಹೋಲಿಸಿ ನೋಡಲು ನಿಮಗೆ ಅವಕಾಶವೂ ಸಿಗಬೇಕು. ಆದರೆ 30 ಸೀರೆ ಮಾರಿದ್ದು ನಿಮಗೆ ತೊಡಕು, ಮಾಲು ನಿಮ್ಮದೆಂದೇ ನಡೆದುಕೊಂಡಂತಾಯಿತು. ಇವತ್ತೇ ಮಾರಾಟ ನಿಲ್ಲಿಸಿ ಬರೆದು ತಿಳಿಸಿ. ವಾಪಸ್ ಒಪ್ಪದಿದ್ದರೆ ದರ ಕಡಿತ ಕೇಳಿ, ಬಾಕಿ ಹಣವಿದ್ದರೆ ಅದರಲ್ಲೇ ಹಿಡಿಯಬಹುದು. ಮಾರಿದವರು ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ನೋಂದಣಿ) ಇರುವ ಸಣ್ಣ ತಯಾರಕರಾಗಿದ್ದರೆ ಇನ್ನೊಂದು ಗಡುವಿದೆ: ಮಾಲು ಬಂದ 15 ದಿನದೊಳಗೆ ಲಿಖಿತ ಆಕ್ಷೇಪಣೆ ಹೋಗದಿದ್ದರೆ ಎಂಎಸ್‌ಎಂಇ (ಸಣ್ಣ ಉದ್ದಿಮೆಗಳ) ಕಾಯ್ದೆಯ ಲೆಕ್ಕದಲ್ಲಿ ಒಪ್ಪಿದಂತೆಯೇ, ಪಾವತಿ ತಡವಾದರೆ ಬಡ್ಡಿ ನಿಮ್ಮ ತಲೆಗೆ. ಮುಂದೆ ಸ್ಯಾಂಪಲ್ ತುಂಡಿನ ಮೇಲೆ ಇಬ್ಬರ ಸಹಿ ಹಾಕಿಸಿ ಇಟ್ಟುಕೊಳ್ಳಿ.

ಉತ್ತರ (ತೆರಿಗೆ ಸಲಹೆಗಾರರು): ಇದಕ್ಕೊಂದು ಸೇರಿಸುತ್ತೇನೆ. ವಾಪಸ್ ಒಪ್ಪಿದರೆ ಕ್ರೆಡಿಟ್ ನೋಟ್, ಅಂದರೆ ಬಿಲ್ಲಿನ ಮೊತ್ತವನ್ನು ಇಳಿಸುವ ಪತ್ರ, ಕೊಡಬೇಕಾದವರು ಮಾರಿದವರು. ನಮ್ಮ ಕಡೆಯಿಂದ ಡೆಬಿಟ್ ನೋಟ್ (ಇಷ್ಟು ಹಣ ನಮಗೆ ಬರಬೇಕೆಂದು ಕೊಂಡವರು ಕಳಿಸುವ ಪತ್ರ) ಕಳಿಸಿದೆವು ಎಂದು ಅಂಗಡಿಯವರು ಸುಮ್ಮನಾಗುತ್ತಾರೆ, ಅದರಿಂದ ಮಾರಿದವರ ತೆರಿಗೆ ಇಳಿಯುವುದಿಲ್ಲ. ಹಣಕಾಸು ವರ್ಷ ಮುಗಿದ ಮೇಲಿನ ನವೆಂಬರ್ 30 ದಾಟಿದರೆ ಜಿಎಸ್‌ಟಿ ಹೊಂದಿಸಲು ಬರುವುದಿಲ್ಲ. ಕ್ರೆಡಿಟ್ ನೋಟ್ ಬಂದ ಮೇಲೆ ಆ ಮಾಲಿನ ಮೇಲೆ ಪಡೆದ ಇನ್‌ಪುಟ್ ಕ್ರೆಡಿಟ್ಟನ್ನು ನೀವು ಹಿಂದಿರುಗಿಸಬೇಕು. ಸಾಗಿಸುವ ಮಾಲಿನ ಮೌಲ್ಯ 50 ಸಾವಿರ ಮೀರಿದರೆ ಇ-ವೇ ಬಿಲ್ (ಮಾಲು ಸಾಗಿಸಲು ಜಿಎಸ್‌ಟಿಯಡಿ ಬೇಕಾದ ಆನ್‌ಲೈನ್ ದಾಖಲೆ) ಮಾಡಿಸಿ.

ಪ್ರಶ್ನೆ (ದಾವಣಗೆರೆಯಿಂದ, ಮತ್ತೆ): ಯಂತ್ರವನ್ನು ನಾನೇ ಟೆಂಪೋ ಮಾಡಿ ಅವರ ಅಂಗಡಿ ಮುಂದೆ ಇಳಿಸಿ ಬರಲಾ?

ಉತ್ತರ (ವಕೀಲರು): ಬೇಡ ಮೇಡಂ. ಸರಕು ಮಾರಾಟ ಕಾಯ್ದೆಯ ಸೆಕ್ಷನ್ 43 ಪ್ರಕಾರ ತಿರಸ್ಕರಿಸಿದ್ದೇನೆಂದು ತಿಳಿಸಿದರೆ ಸಾಕು, ತಲುಪಿಸುವ ಹೊಣೆ ನಿಮ್ಮದಲ್ಲ. ದಾರಿಯಲ್ಲಿ ಪೆಟ್ಟಾದರೆ ಆ ದೋಷವೂ ನಿಮ್ಮ ಮೇಲೆ ಬರುತ್ತದೆ. ಅವರೇ ಗಾಡಿ ಕಳಿಸಿದರೆ, ಯಂತ್ರದ ಸೀರಿಯಲ್ ನಂಬರ್, ಈಗಿನ ಸ್ಥಿತಿ, ಜೊತೆಗೆ ಕೊಟ್ಟ ಬಿಡಿಭಾಗಗಳನ್ನು ಬರೆದು ಒಯ್ಯುವವರ ಸಹಿ ಪಡೆದು ಕೊಡಿ.