ತಾಯಿಯ ಓದು ಬದಲಾಗಿದೆ: ಯಾವ ಪತ್ರಿಕೆಗೆ ಚಂದಾ ಮಾಡಿಸಲಿ?

ಪ್ರಶ್ನೆ: ಶಿರಸಿ ಕಡೆಯ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ತಾಯಿಗೆ, ಅಂದರೆ ನಾವು ಕರೆಯುವ ಆಯಿಗೆ, ಈಗ 69 ವರ್ಷ. ಶಿರಸಿಯಿಂದ ಸಾಕಷ್ಟು ಒಳಗಿರುವ ತೋಟದ ಮನೆಯಲ್ಲಿ ಅಣ್ಣ ಅತ್ತಿಗೆಯರೊಂದಿಗೆ ಇದ್ದಾರೆ, ನಾನು ಬೆಂಗಳೂರಿನಲ್ಲಿದ್ದೇನೆ. ಅಪ್ಪಯ್ಯ ಬಹಳ ಹಿಂದೆ ತಮ್ಮ ಹೆಸರಿನಲ್ಲಿ ಮಾಡಿಸಿದ್ದ ಒಂದು ವಾರಪತ್ರಿಕೆ ಮತ್ತು ಒಂದು ಮಹಿಳಾ ಮಾಸಪತ್ರಿಕೆಯ ಚಂದಾವನ್ನು, ಅವರು ತೀರಿಕೊಂಡ ಮೇಲೆ ನಾನು ಪ್ರತಿವರ್ಷ ತಪ್ಪದೆ ಕಟ್ಟುತ್ತಾ ಬಂದಿದ್ದೇನೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಜಗಲಿಯ ಕಪಾಟಿನಲ್ಲಿ ಏಳೆಂಟು ಸಂಚಿಕೆಗಳು ಅಂಚೆಯಲ್ಲಿ ಬಂದ ಹಾಗೆಯೇ, ಸುತ್ತಿದ ಕಾಗದವನ್ನೂ ಬಿಚ್ಚದೆ, ಒಂದರ ಮೇಲೊಂದು ಇದ್ದವು. ಧಾರಾವಾಹಿಯ ಮುಂದಿನ ಕಂತಿಗಾಗಿ ಅಂಚೆಯವನ ದಾರಿ ಕಾಯುತ್ತಿದ್ದ, ಒಲೆಯ ಮುಂದೆ ಕುಳಿತಾಗಲೂ ಪತ್ರಿಕೆಯನ್ನು ಪಕ್ಕದಲ್ಲಿ ಮಗುಚಿ ಇಟ್ಟುಕೊಳ್ಳುತ್ತಿದ್ದ ಆಯಿಯನ್ನು ನೋಡಿ ಬೆಳೆದ ನನಗೆ ಅದನ್ನು ಕಂಡು ಬಹಳ ಸಂಕಟವಾಯಿತು. ಕೇಳಿದರೆ, ಪುರುಸೊತ್ತಾದಾಗ ಓದುತ್ತೇನೆ ಎಂದಷ್ಟೇ ಹೇಳಿದರು. ಮಗಳು ಕಳಿಸುತ್ತಿರುವುದು ಬೇಡವೆಂದು ಹೇಳಲು ಅವರಿಗೆ ಸಂಕೋಚ ಎಂದು ತೋರುತ್ತದೆ.

ಆದರೆ ಅವರು ಓದುವುದನ್ನೇ ಬಿಟ್ಟಿದ್ದಾರೆಂದು ಹೇಳಲಾರೆ. 2021ರ ಮಳೆಗಾಲದಲ್ಲಿ ಬಾಳೆಕಾಯಿ ಹುಡಿ ಮಾಡುವ 'ಬಾಕಾಹು' ಪ್ರಯೋಗ ನಮ್ಮ ಕಡೆ ಮನೆಮನೆಗೆ ಹಬ್ಬಿತಲ್ಲ, ಆಗ ಆರಂಭವಾದ ಆಸಕ್ತಿ ಈಗ ಹಲಸಿನ ಸೊಳೆ ಒಣಗಿಸುವುದು, ಅಪ್ಪೆಮಿಡಿಗೆ ಕಸಿ ಕಟ್ಟುವುದು ಎಂದು ಬೆಳೆದಿದೆ. ಯಾವ ಬಿಸಿಲಿಗೆ ಎಷ್ಟು ದಿನ ಬೇಕಾಯಿತು ಎಂಬುದನ್ನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡುತ್ತಾರೆ. ಅಣ್ಣ ತರುವ ದಿನಪತ್ರಿಕೆಯಲ್ಲಿ ಕೃಷಿಯ ಬರಹಗಳಿದ್ದರೆ ಕತ್ತರಿಸಿ ಇಡುತ್ತಾರೆ. ಮೊಮ್ಮಗನ ಪಾಠಪುಸ್ತಕದಲ್ಲಿ ಹೊಸ ಪದ ಕಂಡರೆ ಅದು ಎಲ್ಲಿಂದ ಬಂತು ಎಂದು ಫೋನಿನಲ್ಲಿ ನನ್ನನ್ನು ಕೇಳುತ್ತಾರೆ. ಹೋದ ವರ್ಷ ಅವರ ಎರಡೂ ಕಣ್ಣುಗಳಿಗೆ ಪೊರೆಯ ಶಸ್ತ್ರಚಿಕಿತ್ಸೆ ಆಗಿದೆ.

ಹಳೆಯ ಚಂದಾಗಳನ್ನು ನಿಲ್ಲಿಸಬೇಕೇ, ಅವರ ಈಗಿನ ಮನಸ್ಸಿಗೆ ಯಾವ ಪತ್ರಿಕೆ ಹೊಂದಬಹುದು, ದಯವಿಟ್ಟು ತಿಳಿಸಿ. ಮೊಬೈಲಿನಲ್ಲಿ ಓದುವುದು ಅವರಿಗೆ ಇಷ್ಟವಿಲ್ಲ.

ಉತ್ತರ 1: ನಿವೃತ್ತ ಗ್ರಂಥಪಾಲಕ

ಪತ್ರಿಕೆಯ ವಿಚಾರಕ್ಕೆ ಬರುವ ಮೊದಲು ಕನ್ನಡಕದ ವಿಚಾರ ಕೇಳುತ್ತೇನೆ, ಅನ್ಯಥಾ ಭಾವಿಸಬೇಡಿ. ಪೊರೆ ತೆಗೆದ ಮೇಲೆ ಸಾಮಾನ್ಯವಾಗಿ ಹಾಕುವ ಮಸೂರ ದೂರದ ನೋಟಕ್ಕೆ ಹೊಂದುವಂಥದ್ದು. ಅಂಥವರಿಗೆ ಹತ್ತಿರದ ಓದಿಗೆ ಕನ್ನಡಕ ಬೇಕೇ ಬೇಕು, ಅದೂ ಕಣ್ಣು ಪೂರ್ತಿ ವಾಸಿಯಾದ ಬಳಿಕ ಹೊಸದಾಗಿ ಪರೀಕ್ಷಿಸಿ ಕೊಟ್ಟದ್ದು. ದೂರದ ಮರದ ಎಲೆಗಳೂ ಸ್ಪಷ್ಟವಾಗಿ ಕಾಣುವುದರಿಂದ ಕಣ್ಣು ಸರಿಯಾಯಿತೆಂದು ತಿಳಿದು, ಹಳೆಯ ಕನ್ನಡಕದಲ್ಲೇ ಓದಲು ಹೋಗಿ, ತಲೆ ನೋವು ಬಂದು ಪುಸ್ತಕ ಬದಿಗಿಟ್ಟ ಹಲವು ಹಿರಿಯರನ್ನು ನಾನು ಗ್ರಂಥಾಲಯದಲ್ಲಿ ಕಂಡಿದ್ದೇನೆ. ದಿನಪತ್ರಿಕೆಯ ತುಣುಕು ಚಿಕ್ಕದು, ಹೇಗೋ ಓದಿ ಮುಗಿಸಬಹುದು. ಒತ್ತಾದ ಅಕ್ಷರದ ಧಾರಾವಾಹಿಯ ಪುಟಗಳು ಹಾಗಲ್ಲ. ಆದ್ದರಿಂದ ಬದಲಾಗಿರುವುದು ಆಸಕ್ತಿಯೋ ದೃಷ್ಟಿಯೋ ಎಂಬುದನ್ನು ಮೊದಲು ತಿಳಿಯಿರಿ. ಹಗಲಿನಲ್ಲಿ ಕಿಟಕಿಯ ಬಳಿ ಕುಳಿತು ಎರಡು ಪುಟ ನಿಮಗೇ ಓದಿ ಹೇಳುವಂತೆ ಅವರನ್ನು ಕೇಳಿದರೆ ಸಾಕು, ಗೊತ್ತಾಗುತ್ತದೆ.

ಇನ್ನು ಆಯ್ಕೆ. ಒಂದು ವರ್ಷದ ಚಂದಾವನ್ನು ಒಮ್ಮೆಗೇ ಕಟ್ಟಬೇಡಿ. ಬಸ್‌ ನಿಲ್ದಾಣದ ಪುಸ್ತಕದಂಗಡಿಯಲ್ಲಿ ನಾಲ್ಕೈದು ಬಗೆಯ ಪತ್ರಿಕೆಗಳ ಬಿಡಿ ಪ್ರತಿಗಳನ್ನು ಕೊಂಡು, ಯಾವುದನ್ನೂ ಹೊಗಳದೆ ಮನೆಯಲ್ಲಿಟ್ಟು ಬನ್ನಿ. ತಿಂಗಳ ನಂತರ ಯಾವುದರ ಹಾಳೆಯ ಮೂಲೆ ಮಡಚಿದೆ, ಯಾವುದರಲ್ಲಿ ಪದಬಂಧ ತುಂಬಿದೆ, ಯಾವುದರಿಂದ ಪುಟ ಕತ್ತರಿಸಲಾಗಿದೆ ಎಂದು ನೋಡಿ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರಕ್ಕೆ ಕೆಲವು ಪತ್ರಿಕೆಗಳು ಬರುತ್ತಿದ್ದರೆ ಅಲ್ಲಿಯೂ ತಿರುವಿ ನೋಡಬಹುದು.

ವಾರಪತ್ರಿಕೆಯನ್ನು ಮಾತ್ರ ನಿಲ್ಲಿಸುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಒಳಊರುಗಳಿಗೆ ಸಾದಾ ಅಂಚೆಯಲ್ಲಿ ಎರಡು ವಾರದ ಸಂಚಿಕೆಗಳು ಒಟ್ಟಿಗೆ ಬರುವುದುಂಟು, ನಡುವಿನದೊಂದು ಬರದೇ ಇರುವುದೂ ಉಂಟು. ಕಂತು ತಪ್ಪಿದ ಮೇಲೆ ಧಾರಾವಾಹಿ ರುಚಿಸುವುದಿಲ್ಲ. ಅಂಚೆಯನ್ನು ನಂಬಿರುವವರಿಗೆ ಮಾಸಪತ್ರಿಕೆ ಹೆಚ್ಚು ಹೊಂದುತ್ತದೆ.

ಉತ್ತರ 2: ಪುತ್ತೂರಿನ ಕೃಷಿಕ ಮಹಿಳೆ

ನಿಮ್ಮ ತಾಯಿಗೆ 'ಅಡಿಕೆ ಪತ್ರಿಕೆ' ತರಿಸಿಕೊಡಿ. 1988ರಿಂದ ನಮ್ಮ ಪುತ್ತೂರಿನಿಂದ ಬರುತ್ತಿರುವ ಮಾಸಪತ್ರಿಕೆ ಇದು. ಹೆಸರಿನಲ್ಲಿ ಅಡಿಕೆ ಇದ್ದರೂ ಹಲಸು, ನೀರಿಂಗಿಸುವುದು, ಮನೆಮಟ್ಟದ ಮೌಲ್ಯವರ್ಧನೆ ಎಲ್ಲವೂ ಇದರಲ್ಲಿ ಬರುತ್ತವೆ. ನೀವು ಹೇಳಿದ ಬಾಕಾಹು ಅಭಿಯಾನಕ್ಕೆ ಮುಂದಾಳಾಗಿ ನಿಂತವರು ಇದರ ಸಂಪಾದಕ ಶ್ರೀಪಡ್ರೆ ಅವರೇ. ಹಾಗಾಗಿ ನಿಮ್ಮ ತಾಯಿ ಆ ಪತ್ರಿಕೆಯನ್ನು ಕಾಣದೆಯೇ ಅದರ ಓದುಗರಾಗಿದ್ದಾರೆ ಎಂದು ನನಗನ್ನಿಸಿತು. ಬೇರೆ ಕೃಷಿ ಪತ್ರಿಕೆಗಳಿಗಿಂತ ಇದು ನನಗೆ ಹತ್ತಿರವಾಗಿರುವುದಕ್ಕೆ ಕಾರಣವೆಂದರೆ, ಕೃಷಿಕರೇ ಬರೆಯಬೇಕು ಎಂಬುದು ಅದು ಮೊದಲಿನಿಂದಲೂ ಪಾಲಿಸಿಕೊಂಡು ಬಂದ ನಿಲುವು. ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಬರೆದಿಡುವವರು ಇಂಥ ಪತ್ರಿಕೆಗೆ ಒಂದು ದಿನ ಪತ್ರ ಬರೆದರೂ ಬರೆದಾರು. ಆ ಕ್ಯಾಲೆಂಡರುಗಳನ್ನು ಎಸೆಯಲು ಬಿಡಬೇಡಿ.

ಉತ್ತರ 3: ಹುಬ್ಬಳ್ಳಿಯ ಓದುಗ

ಗ್ರಂಥಪಾಲಕರ ಮಾತಿನಲ್ಲಿ ಒಂದನ್ನು ನಾನು ಒಪ್ಪಲಾರೆ. ವಾರಪತ್ರಿಕೆಯನ್ನು ಒಮ್ಮೆಲೇ ನಿಲ್ಲಿಸಬೇಡಿ. ನಮ್ಮ ಅವ್ವನ ವಿಷಯದಲ್ಲಿ ನಾನು ಹಾಗೆ ಮಾಡಿ ಬಹಳ ಪಶ್ಚಾತ್ತಾಪಪಟ್ಟಿದ್ದೇನೆ. ಅವಳು ಕತೆ ಓದುವುದನ್ನು ಬಿಟ್ಟು ಬರೀ ದೇವರ ಪುಸ್ತಕ ಹಿಡಿದಿದ್ದಾಳೆಂದು ತಿಳಿದು ವಾರಪತ್ರಿಕೆಯನ್ನು ಬಿಡಿಸಿ ಅಧ್ಯಾತ್ಮದ ಮಾಸಪತ್ರಿಕೆಯೊಂದನ್ನು ಹಾಕಿಸಿದೆ. ಅದನ್ನು ಅವಳು ಇಷ್ಟಪಟ್ಟು ಓದಿದಳು, ನಿಜ. ಆದರೆ ಆ ವಾರಪತ್ರಿಕೆ ಅವಳು ಓದಿದ ಮೇಲೆ ಪಕ್ಕದ ಮನೆಗೆ, ಅಲ್ಲಿಂದ ಓಣಿಯ ಕೊನೆಯವರೆಗೆ ಹೋಗುತ್ತಿತ್ತು, ಅದನ್ನು ಮರಳಿ ಕೊಡುವ ನೆಪದಲ್ಲಿ ನಾಲ್ಕು ಜನ ಹೆಣ್ಣುಮಕ್ಕಳು ಬಂದು ಅವಳೊಡನೆ ಕೂಡುತ್ತಿದ್ದರು ಎಂಬುದು ನನಗೆ ಹೊಳೆದಿರಲಿಲ್ಲ. ನಿಮ್ಮ ಊರಿನಲ್ಲಿ ಆ ಪತ್ರಿಕೆ ಇನ್ನಾರ ಕೈಗೆ ಹೋಗುತ್ತದೆ ಎಂದು ಒಮ್ಮೆ ಕೇಳಿ ನೋಡಿ.

ಪದಗಳ ಮೂಲ ಕೇಳುವ ತಾಯಿಗೆ ನಮ್ಮ ಊರಿನ 'ಕಸ್ತೂರಿ'ಯನ್ನು ತೋರಿಸಿ. 1956ರಲ್ಲಿ ಆರಂಭವಾದ ಈ ಮಾಸಪತ್ರಿಕೆಯನ್ನು ದೀರ್ಘಕಾಲ ಸಂಪಾದಿಸಿದ ಪಾ. ವೆಂ. ಆಚಾರ್ಯರು ಪದಗಳ ಹುಟ್ಟು ಮತ್ತು ತಿರುವುಗಳ ಕುರಿತು ಅದರಲ್ಲಿ ಬರೆದದ್ದು ಕನ್ನಡಿಗರಿಗೆ ಇಂದಿಗೂ ನೆನಪಿದೆ. ಕಿರಿದಾದ ಆಕಾರದ್ದಾದ್ದರಿಂದ ಕೈಗೆ ಹಗುರ. ಅಕ್ಷರದ ಗಾತ್ರ ಅವರ ಕಣ್ಣಿಗೆ ಹೊಂದುತ್ತದೆಯೇ ಎಂದು ಬಿಡಿ ಪ್ರತಿಯಲ್ಲಿ ನೋಡಿಯೇ ಚಂದಾ ಕಟ್ಟಿ. ಸಣ್ಣಕತೆಯ ಮೇಲೆ ಇನ್ನೂ ಪ್ರೀತಿ ಇದ್ದರೆ 'ಮಯೂರ' ಅಥವಾ 'ತುಷಾರ' ಆಗಬಹುದು. ಎರಡೂ ಮಾಸಿಕಗಳು, ಅಲ್ಲಲ್ಲಿಗೇ ಮುಗಿಯುವ ಕತೆಗಳಿರುವುದರಿಂದ ಕಂತು ತಪ್ಪುವ ಚಿಂತೆ ಕಡಿಮೆ. ಚಂದಾ ಕಟ್ಟುವಾಗ ವಿಶೇಷಾಂಕಗಳು ಅದರಲ್ಲಿ ಸೇರಿವೆಯೇ ಎಂದು ಕೇಳಿಕೊಳ್ಳಿ.

ಕೊನೆಯದಾಗಿ ಒಂದು ವಿಷಯ. ಚಂದಾ ಈಗಲೂ ನಿಮ್ಮ ತಂದೆಯವರ ಹೆಸರಿನಲ್ಲಿದೆಯೇ? ಬಿಚ್ಚದ ಆ ಸಂಚಿಕೆಗಳ ಮೇಲೆ ಯಾರ ಹೆಸರಿತ್ತು ಎಂಬುದನ್ನು ನೆನಪಿಸಿಕೊಳ್ಳಿ.

ಮರುಬರಹ: ಶಿರಸಿ ಕಡೆಯ ಮಗಳು

ಉತ್ತರಿಸಿದ ಮೂವರಿಗೂ ನಾನು ಋಣಿ. ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ. ಓದುವ ಕನ್ನಡಕ ಹಳೆಯದೇ ಆಗಿತ್ತು. ಈಗ ಹೊಸದನ್ನು ಮಾಡಿಸಿದ್ದೇವೆ. ಆದರೂ ಕಾರಣ ಅದೊಂದೇ ಆಗಿರಲಿಲ್ಲ. ಹುಬ್ಬಳ್ಳಿಯವರ ಕೊನೆಯ ಪ್ರಶ್ನೆಯನ್ನು ಓದಿ ನಾನು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಊರಿಗೆ ಹೋಗಿ ಮೆಲ್ಲಗೆ ಕೇಳಿದಾಗ, ಅಪ್ಪಯ್ಯನ ಹೆಸರಿರುವ ಕಾಗದವನ್ನು ಹರಿಯಲು ಮನಸ್ಸು ಬರುವುದಿಲ್ಲವೆಂದು ಆಯಿ ಹೇಳಿದರು. ಇಷ್ಟು ವರ್ಷ ಅದನ್ನು ಬ್ಲೇಡಿನಿಂದ ಬಿಡಿಸಿ ತೆಗೆದಿಡುತ್ತಿದ್ದರಂತೆ. ಕಣ್ಣು ಮಂಜಾದ ಮೇಲೆ ಹೆಸರು ಕತ್ತರಿಸಿಹೋಗಬಹುದೆಂದು ಹೆದರಿ, ಬಿಚ್ಚುವುದನ್ನೇ ನಿಲ್ಲಿಸಿದ್ದರು.

ಬಿಡಿ ಪ್ರತಿಗಳಲ್ಲಿ ಅಡಿಕೆ ಪತ್ರಿಕೆಯನ್ನು ಮೊದಲ ವಾರವೇ ಓದಿ ಮುಗಿಸಿದ್ದರು. ಕಸ್ತೂರಿಯನ್ನು ಮೊಮ್ಮಗನೊಂದಿಗೆ ಸೇರಿ ಓದುತ್ತಿದ್ದಾರೆ. ಈ ಎರಡಕ್ಕೂ ಚಂದಾ ಕಟ್ಟಿದ್ದೇವೆ. ಮಹಿಳಾ ಮಾಸಿಕ ಬೇಡವೆಂದು ಅವರೇ ಹೇಳಿದರು. ವಾರಪತ್ರಿಕೆಯನ್ನು ಅತ್ತಿಗೆ ಓದುತ್ತಾರೆಂದು ಈಗ ತಿಳಿಯಿತು. ಅದನ್ನು ಅಣ್ಣ ಶಿರಸಿಯ ಏಜೆಂಟರಿಂದ ಪ್ರತಿವಾರ ತರುತ್ತಾನೆ. ಹೊಸ ಚಂದಾ ಅರ್ಜಿಗಳನ್ನು ಆಯಿ ತಮ್ಮ ಕೈಯಿಂದಲೇ ತುಂಬಿದರು. ತಮ್ಮ ಹೆಸರನ್ನು ಬರೆದು, ಅದರ ಮುಂದೆ ಅಪ್ಪಯ್ಯನ ಹೆಸರನ್ನೂ ಸೇರಿಸಿ, ಸಾಲು ಸೊಟ್ಟಗಾಯಿತೆಂದು ಇನ್ನೊಂದು ಅರ್ಜಿ ಕೇಳಿ ಪಡೆದು ಮತ್ತೊಮ್ಮೆ ಬರೆದರು.