ಅಮೈಲಾಯ್ಡ್ ಬೀಟಾ ಪ್ರಯೋಗಕ್ಕೆ ಡಿಎಂಎಸ್‌ಒ ಕಂಟ್ರೋಲ್ ಒಂದೇ ಸಾಕಾ?

ಪ್ರಶ್ನೆ: ವಿರಾಜಪೇಟೆ ಮೇಡಂ

ನಾನು ವಿರಾಜಪೇಟೆ ಹತ್ತಿರದ ಡಿಗ್ರಿ ಕಾಲೇಜೊಂದರಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುತ್ತೇನೆ. ನಮ್ಮ ಹಳೇ ವಿದ್ಯಾರ್ಥಿನಿ ಈಗ ಬೆಂಗಳೂರಿನಲ್ಲಿ ಎಂಎಸ್ಸಿ ಪ್ರಾಜೆಕ್ಟ್ ಮಾಡುತ್ತಿದ್ದಾಳೆ. ರಜೆಗೆ ಊರಿಗೆ ಬಂದವಳು ತನ್ನ ಗ್ರಾಫ್‌ಗಳನ್ನು ತೋರಿಸಿದಳು. ಎಸ್‌ಎಚ್-ಎಸ್‌ವೈ5ವೈ ಅಂತ ನರಕೋಶದ ಬದಲು ಲ್ಯಾಬಿನಲ್ಲಿ ಬೆಳೆಸುವ ಜೀವಕೋಶಗಳಿವೆ. ಅವಕ್ಕೆ ಅಮೈಲಾಯ್ಡ್ ಬೀಟಾ 1-42, ಅಂದರೆ ಆಲ್ಜೈಮರ್ಸ್ ಮೆದುಳಿನಲ್ಲಿ ಗಡ್ಡೆಕಟ್ಟುವ ಪೆಪ್ಟೈಡ್ (ಅಮೈನೋ ಆಮ್ಲಗಳ ಸರಪಳಿ) ಹಾಕಿದರೆ, ಕೋಶ ಎಷ್ಟು ಜೀವಂತವಾಗಿವೆ ಅಂತ ಬಣ್ಣದಿಂದ ಅಳೆಯುವ ಎಂಟಿಟಿ ರೀಡಿಂಗ್ ಇಳಿಯುತ್ತದೆ. ಹೋಲಿಕೆಗೆ (ಕಂಟ್ರೋಲ್) ಪೆಪ್ಟೈಡ್ ಕರಗಿಸುವ ದ್ರಾವಕ ಡಿಎಂಎಸ್‌ಒ ಒಂದನ್ನೇ ಹಾಕಿದರೆ ಇಳಿಯುವುದಿಲ್ಲ. ಅಷ್ಟೇ ಗ್ರಾಫ್. ಕ್ರಮ ಉಲ್ಟಾ ಮಾಡಿದ 42-1 ಪೆಪ್ಟೈಡ್ ಇಲ್ಲ, ಕ್ರಮ ಕಲಸಿದ ಸ್ಕ್ರಾಂಬಲ್ಡ್ ಕೂಡ ಇಲ್ಲ. "ತುಂಬಾ ದುಬಾರಿ ಮೇಡಂ, ಬಜೆಟ್ ಇಲ್ಲ ಅಂದ್ರು" ಎಂದಳು.

ನನಗೆ ಸಮಾಧಾನ ಆಗಲಿಲ್ಲ. ಅಮ್ಮನಿಗೆ ಆಲ್ಜೈಮರ್ಸ್ ಇದೆ, ಅಮ್ಮತ್ತಿಯಲ್ಲಿ ಅಣ್ಣನ ಮನೆಯಲ್ಲಿದ್ದಾರೆ. ಪೇಪರಿನಲ್ಲಿ "ಮೆದುಳಿನ ಕೋಶ ಉಳಿಸುವ ಹೊಸ ವಸ್ತು" ಅಂತ ಏನಾದರೂ ಬಂದರೆ ಅಣ್ಣ ತಕ್ಷಣ ಫೋನ್ ಮಾಡುತ್ತಾನೆ. ಅಂಥ ಸುದ್ದಿಗಳಲ್ಲಿ ಎಷ್ಟೋ ಶುರುವಾಗುವುದು ಇಂಥ ಒಂದು ಗ್ರಾಫಿನಿಂದ. ಬುಡ ಗಟ್ಟಿ ಇರಬೇಕು, ಅಲ್ವಾ? ಈ ಹುಡುಗಿಗೆ ಏನು ಹೇಳಲಿ? 42-1 ಕೊಂಡರೆ ಸಾಕಾ, ಇನ್ನೇನಾದರೂ ಬೇಕಾ?

ಉತ್ತರ: ಮಡಿಕೇರಿ ಹುಡುಗ, ಬೆಂಗಳೂರು ಲ್ಯಾಬ್

ಮೇಡಂ, ನಿಮ್ಮ ಅನುಮಾನ ಸರಿ. ಡಿಎಂಎಸ್‌ಒ ಕಂಟ್ರೋಲ್ ದ್ರಾವಕದ ಬಗ್ಗೆ ಮಾತ್ರ ಹೇಳುತ್ತದೆ. ಕೋಶ ಸತ್ತದ್ದು ಅಮೈಲಾಯ್ಡ್ ಬೀಟಾದ ಜೋಡಣೆಯಿಂದಲೋ, ಅಥವಾ ಅಂಟುವ ಯಾವ ಪೆಪ್ಟೈಡ್ ಇಷ್ಟು ಪ್ರಮಾಣದಲ್ಲಿ ಬಿದ್ದರೂ ಸಾಯುತ್ತಿತ್ತೋ, ಅದು ಹೇಳುವುದಿಲ್ಲ. ಅದಕ್ಕೇ 42-1. ಅದೇ 42 ಅಮೈನೋ ಆಮ್ಲ, ಅದೇ 4514 ಡಾಲ್ಟನ್ ಹತ್ತಿರದ ತೂಕ, ಕ್ರಮ ಮಾತ್ರ ಉಲ್ಟಾ. ಸ್ಕ್ರಾಂಬಲ್ಡ್‌ನಲ್ಲಿ ಅದೇ ಆಮ್ಲಗಳ ಕ್ರಮ ಕಲಸಿರುತ್ತಾರೆ.

ಆದರೆ ಉಲ್ಟಾ ಪೆಪ್ಟೈಡನ್ನು ಸುಮ್ನೆ ನಂಬಬೇಡಿ. 1-42ರ 17ನೇ ಸ್ಥಾನದಿಂದ 21ರವರೆಗೆ ಲ್ಯೂಸಿನ್, ವ್ಯಾಲಿನ್, ಎರಡು ಫಿನೈಲ್‌ಅಲನಿನ್, ಅಲನಿನ್ ಬರುತ್ತವೆ. ನೀರನ್ನು ದೂರ ಮಾಡುವ ಗುಂಪು ಇದು. ಕ್ರಮ ತಿರುಗಿಸಿದರೂ ಈ ಗುಂಪು ಒಟ್ಟಿಗೇ ಉಳಿಯುತ್ತದೆ. ಹಾಗಾಗಿ 42-1 ಕೂಡ ಸ್ವಲ್ಪ ಗಡ್ಡೆಕಟ್ಟಬಹುದು. ಅಮೈಲಾಯ್ಡ್ ನಾರಿಗೆ ಅಂಟಿದರೆ ಹೊಳೆಯುವ ಬಣ್ಣ ಥಯೋಫ್ಲಾವಿನ್ ಟಿ ಹಾಕಿ ಎರಡನ್ನೂ ನೋಡಲೇಬೇಕು. 440-450 ನ್ಯಾನೋಮೀಟರ್‌ನಲ್ಲಿ ಬೆಳಕು ಕೊಟ್ಟು 482ರ ಸುತ್ತ ಓದುವುದು. ಆಲಿಗೋಮರ್ (ಕೆಲವೇ ಪೆಪ್ಟೈಡ್ ಸೇರಿದ ಚಿಕ್ಕ ಗುಂಪು) ಇದ್ದರೆ ಇದು ಅಷ್ಟಾಗಿ ಹೊಳೆಯುವುದಿಲ್ಲ, ಅದಕ್ಕೆ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಅಥವಾ ಜೆಲ್ ನೋಡಬೇಕು.

ಇನ್ನೊಂದು ಎಚ್ಚರ. ಅಮೈಲಾಯ್ಡ್ ಬೀಟಾ ಗುರುತಿಸಲು ಬಳಸುವ 6ಇ10 ಆಂಟಿಬಾಡಿ ಪೆಪ್ಟೈಡಿನ ಮೊದಲ ಭಾಗವನ್ನು ಹಿಡಿಯುತ್ತದೆ. ಉಲ್ಟಾ ಪೆಪ್ಟೈಡಿನಲ್ಲಿ ಆ ಜೋಡಣೆ ಇರುವುದಿಲ್ಲ. ಈ ಆಂಟಿಬಾಡಿ ಹಾಕಿದ ಬ್ಲಾಟ್ (ಪೆಪ್ಟೈಡ್ ಗುರುತು ತೋರಿಸುವ ಪೊರೆ) ಖಾಲಿ ಬಂದರೆ "42-1 ಗಡ್ಡೆಕಟ್ಟಿಲ್ಲ" ಅಂತ ಬರೆಯಬಾರದು. ಆಂಟಿಬಾಡಿ ಬೇಡದ ಸಿಲ್ವರ್ ಸ್ಟೇನ್ (ಬೆಳ್ಳಿಯಿಂದ ಜೆಲ್‌ಗೆ ಬಣ್ಣ ಕೊಡುವುದು) ಮಾಡಿ.

ಮುಖ್ಯವಾಗಿ, ಕಂಟ್ರೋಲ್‌ಗೂ ಅದೇ ದಾರಿ. 1-42 ಅನ್ನು ಎಚ್‌ಎಫ್‌ಐಪಿ ಎಂಬ ದ್ರಾವಕದಲ್ಲಿ ಕರಗಿಸಿ, ಒಣಗಿಸಿ, ಡಿಎಂಎಸ್‌ಒದಲ್ಲಿ ಮತ್ತೆ ಕರಗಿಸಿ, 4 ಡಿಗ್ರಿಯಲ್ಲಿ 24 ಗಂಟೆ ಇಟ್ಟರೆ, 42-1 ಗೂ ಅಷ್ಟನ್ನೂ ಮಾಡಬೇಕು. ಖಾಲಿ ಟ್ಯೂಬಿನಲ್ಲಿ ಎಚ್‌ಎಫ್‌ಐಪಿ ಹಾಕಿ ಒಣಗಿಸಿದ ವೆಹಿಕಲ್ (ಪೆಪ್ಟೈಡ್ ಇಲ್ಲದ ಬರೀ ದ್ರಾವಕದ ಕಂಟ್ರೋಲ್) ಕೂಡ ಬೇಕು. ಎಚ್‌ಎಫ್‌ಐಪಿ ಅಂಶ ಉಳಿದರೆ ಅದೇ ಕೋಶ ಕೊಲ್ಲಬಹುದು. ಈ ಕೆಲಸ ಫ್ಯೂಮ್ ಹುಡ್ ಒಳಗೇ ಆಗಬೇಕು, ಕಣ್ಣಿಗೂ ಶ್ವಾಸಕ್ಕೂ ಕೆಟ್ಟದ್ದು.

ಉತ್ತರ: ಪಾಲಿಬೆಟ್ಟದ ಕಾಫಿ ಬೆಳೆಗಾರ

ನಾನು ವಿಜ್ಞಾನಿ ಅಲ್ಲ. ನನ್ನ ತಂದೆಯವರಿಗೂ ಇದೇ ಕಾಯಿಲೆ ಇತ್ತು, ಅದಕ್ಕೇ ಓದಿದೆ. ನನಗೆ ಅರ್ಥವಾದದ್ದು ಇಷ್ಟು. ಬೋರ್ಡೋ ಮಿಶ್ರಣ ಹೊಡೆಯುವಾಗ ಒಂದು ಸಾಲಿಗೆ ನೀರು ಹೊಡೆದರೆ ಸಾಲದು, ಮೈಲುತುತ್ತ ಬಿಟ್ಟು ಬರೀ ಸುಣ್ಣದ ನೀರೂ ಹೊಡೆಯಬೇಕು, ಆಗಲೇ ಕೆಲಸ ಮಾಡಿದ್ದು ತಾಮ್ರ ಅಂತ ಹೇಳಬಹುದು. ಹೌದಾ? ಹಾಗಾದರೆ ಕನ್ನಡಿಯ ಬಿಂಬದಂಥ ಪೆಪ್ಟೈಡ್ ತಂದರೂ ಆಗುತ್ತಾ?

ಉತ್ತರ: ಮಡಿಕೇರಿ ಹುಡುಗ, ಬೆಂಗಳೂರು ಲ್ಯಾಬ್

ಸರಿಯಾಗಿ ಹಿಡಿದಿರಿ ಅಣ್ಣ. ಕನ್ನಡಿ ಬಿಂಬ ಬೇರೆ, ಉಲ್ಟಾ ಕ್ರಮ ಬೇರೆ. ಸಾಮಾನ್ಯ ಅಮೈನೋ ಆಮ್ಲಗಳ ಕನ್ನಡಿ ರೂಪವಾದ ಡಿ-ಅಮೈನೋ ಆಮ್ಲಗಳಿಂದ ಮಾಡಿದ ಬಿಂಬದ ಪೆಪ್ಟೈಡ್ ಅಮೈಲಾಯ್ಡ್ ಬೀಟಾದಂತೆಯೇ ನಾರು ಕಟ್ಟುತ್ತದೆ. ಅದು ನಿರುಪದ್ರವಿ ಕಂಟ್ರೋಲ್ ಅಲ್ಲ.

ಮೇಡಂ, ದುಡ್ಡಿನ ಮಾತಿಗೆ: ಅಮೈಲಾಯ್ಡ್ ಬೀಟಾದ ಚಿಕ್ಕ ತುಂಡು 25-35 ಮತ್ತು ಅದರ ಉಲ್ಟಾ 35-25 ಅಗ್ಗ, 11 ಆಮ್ಲಗಳಷ್ಟೇ. ಆದರೆ 1-42 ಪ್ರಯೋಗಕ್ಕೆ 35-25 ಅನ್ನು ಕಂಟ್ರೋಲ್ ಮಾಡಬೇಡಿ. ಉದ್ದವೇ ಬೇರೆ.

ಉತ್ತರ: ಕುಶಾಲನಗರ ಅಕ್ಕ, ಪೆಪ್ಟೈಡ್ ಕೆಲಸ ಮಾಡಿದವಳು

ತೂಕದ ವಿಷಯ ಯಾರೂ ಹೇಳಲಿಲ್ಲ. ಪೆಪ್ಟೈಡ್ ಶುದ್ಧ ಮಾಡುವಾಗ ಬಳಸುವ ಟಿಎಫ್‌ಎ ಎಂಬ ಆಮ್ಲ ಪುಡಿಯಲ್ಲಿ ಉಪ್ಪಾಗಿ ಉಳಿಯುತ್ತದೆ. ನೀರಿನಂಶವೂ ಇರುತ್ತದೆ. ಬಾಟಲಿ ಮೇಲೆ 1 ಮಿಲಿಗ್ರಾಂ ಎಂದಿದ್ದರೂ ಅಷ್ಟೂ ಪೆಪ್ಟೈಡ್ ಇರುವುದಿಲ್ಲ. ಎರಡು ಪೆಪ್ಟೈಡ್‌ಗಳಲ್ಲಿ ಈ ಪ್ರಮಾಣ ಬೇರೆ ಬೇರೆ ಇದ್ದರೆ, ನೀವು ಹೋಲಿಸುವುದು ಬೇರೆ ಬೇರೆ ಡೋಸ್‌ಗಳನ್ನು. ಬಾಟಲಿಯ ಸರ್ಟಿಫಿಕೇಟಿನಲ್ಲಿ ನೆಟ್ ಪೆಪ್ಟೈಡ್ (ಪುಡಿಯಲ್ಲಿ ನಿಜವಾಗಿ ಇರುವ ಪೆಪ್ಟೈಡ್ ಪಾಲು) ಎಷ್ಟು ಅಂತ ಕೇಳಿ, ಅದರಿಂದ ಲೆಕ್ಕ ಹಾಕಿ. ಟಿಎಫ್‌ಎ ಕೋಶಗಳ ಮೇಲೂ ಕೆಲಸ ಮಾಡಬಹುದು, ಹಾಗಾಗಿ ಎರಡೂ ಒಂದೇ ಉಪ್ಪಿನ ರೂಪದಲ್ಲಿ ಇರಬೇಕು.

ನಮ್ಮ ಮಳೆಗಾಲದಲ್ಲಿ ಇನ್ನೂ ಒಂದು. ಫ್ರೀಜರಿನಿಂದ ತೆಗೆದ ಬಾಟಲಿ ಕೋಣೆಯ ಬಿಸಿಗೆ ಬರುವ ಮುಂಚೆ ತೆರೆದರೆ ಜೂನ್-ಜುಲೈನ ಗಾಳಿಯಿಂದ ನೀರು ಒಳಗೆ ಇಳಿಯುತ್ತದೆ. ತೇವದ ಪುಡಿ ತೂಗಿ ಪ್ರಯೋಜನವಿಲ್ಲ. ಕರೆಂಟ್ ಹೋಗುವ ದಿನಗಳಲ್ಲಿ ಫ್ರೀಜರ್ ಬಾಗಿಲು ತೆಗೆಯಲೇಬೇಡಿ. ಕರಗಿಸಿದ್ದನ್ನು ಚಿಕ್ಕ ಚಿಕ್ಕ ಭಾಗ ಮಾಡಿಡಿ, ಒಂದು ಸಲ ಕರಗಿದ ಟ್ಯೂಬನ್ನು ಮತ್ತೆ ಫ್ರೀಜರಿನಲ್ಲಿ ಹೆಪ್ಪುಗಟ್ಟಿಸಿ ಬಳಸಬಾರದು.

ಪ್ರಶ್ನೆ ಕೇಳಿದವರು: ವಿರಾಜಪೇಟೆ ಮೇಡಂ

ಎಲ್ಲರಿಗೂ ವಂದನೆ. ಅವಳ ಗೈಡಿಗೆ ತೋರಿಸಲು ಇದನ್ನೆಲ್ಲ ಬರೆದು ಕೊಡುತ್ತೇನೆ. ಒಂದೇ ಬಾಟಲಿ 42-1 ತರಿಸಿ, ಹಳೇ ಗ್ರಾಫಿನ 1-42 ಡೋಸ್‌ಗಳಲ್ಲಿ ಮೇಲಿನದನ್ನೂ ಮಧ್ಯದ್ದನ್ನೂ ಮಾತ್ರ ಪಕ್ಕಪಕ್ಕ ಮಾಡಿಸುವ ಆಲೋಚನೆ. ಒಂದೇ ದಿನ, ಒಂದೇ ತಟ್ಟೆಯಲ್ಲಿ. ಅಷ್ಟು ಸಾಕಾಗುತ್ತಾ, ಇಲ್ಲ ಎಲ್ಲ ಡೋಸ್‌ಗೂ ಬೇಕಾ?

ಉತ್ತರ: ಮಡಿಕೇರಿ ಹುಡುಗ, ಬೆಂಗಳೂರು ಲ್ಯಾಬ್

ಮೇಲಿನ ಡೋಸ್ ಖಂಡಿತ ಬೇಕು ಮೇಡಂ, 42-1 ಅಲ್ಲಿ ಕೋಶ ಕೊಂದರೆ ಹಳೇ ಗ್ರಾಫ್ ಮತ್ತೆ ಓದಬೇಕಾಗುತ್ತದೆ. ಮಧ್ಯದ್ದೂ ಸೇರಿಸಿ. ಉಳಿದದ್ದನ್ನು ಫಲಿತಾಂಶ ನೋಡಿ ತೀರ್ಮಾನಿಸಿ. ಬೇರೆ ದಿನಗಳಲ್ಲಿ ತಯಾರಿಸಿದ ಪೆಪ್ಟೈಡ್‌ನಿಂದ ಇದನ್ನು ಮತ್ತೆ ಮಾಡಿಸಿ.