ಪದಚರ್ಚೆ: ರೋಡಿಯೊ ಸವಾರರ ‘ಟ್ರೈ’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಎರಡು ವಾರದಿಂದ ಒಂದೇ ಪದದ ಮುಂದೆ ಕೂತಿದ್ದೇನೆ. ಗೆಳೆಯರ ಓದುಕೂಟಕ್ಕೆಂದು ಅಮೆರಿಕದ ಕೌಬಾಯ್ ಪದ್ಯಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕುದುರೆ ಮೇಲೆ ಕೂತು ದನದ ಮಂದೆ ಹೊಡೆದವರು ತಾವೇ ಕಟ್ಟಿ, ತಮ್ಮವರ ಮುಂದೆ ಹೇಳಿಕೊಂಡ ಪದ್ಯಗಳು ಇವು. ನೆವಾಡಾದ ಎಲ್ಕೋ ಊರಿನಲ್ಲಿ 1985ರಲ್ಲಿ ಇದಕ್ಕೆಂದೇ ಒಂದು ಕೂಟ ಶುರುವಾಯಿತು. ಅದನ್ನು ಚಳಿಗಾಲದಲ್ಲೇ ಇಟ್ಟುಕೊಂಡರು. ದನ ಸಾಕುವ ದೊಡ್ಡ ಹಿಡುವಳಿಗಳಲ್ಲಿ ಆಗ ಕೆಲಸ ಕಡಿಮೆ, ಜನಕ್ಕೆ ಬರಲು ಬಿಡುವಿರುತ್ತದೆ. ಹೆಚ್ಚಿನವರು ಹಾಳೆ ನೋಡದೆ ಬಾಯಿಪಾಠ ಹೇಳುತ್ತಾರೆ. ಲಾವಣಿ ಕೇಳಿ ಬೆಳೆದವರ ಕಿವಿಗೆ ಆ ಪ್ರಾಸ, ಆ ಓಟ ಬೇಗ ಹಿಡಿಸುತ್ತದೆ. ಲಯ ಹೇಗೋ ಒದಗುತ್ತಿದೆ. ಪದ ಒದಗುತ್ತಿಲ್ಲ.

ಎಲ್ಲ ಪದಗಳೂ ಹೀಗೆ ಸತಾಯಿಸಲಿಲ್ಲ. ಹಗ್ಗದ ಮಾತುಗಳು ನಮ್ಮ ಕೊಟ್ಟಿಗೆಯಲ್ಲೇ ಸಿಕ್ಕವು. ಎಸೆದು ದನ ಹಿಡಿಯುವ ಹಗ್ಗಕ್ಕೆ ‘ಕುಣಿಕೆ ಹಗ್ಗ’ ಅಂದೆ. ಎಳೆದಷ್ಟೂ ಬಿಗಿಯುವ ಗಂಟಿಗೆ ‘ಜೀರುಗುಣಿಕೆ’ ಇದ್ದೇ ಇದೆ. ‘ಕೌಬಾಯ್’ ಮಾತ್ರ ಹಾಗೆಯೇ ಉಳಿಸಿಕೊಂಡೆ. ಗೋವಳ, ದನಗಾಹಿ ಅಂದರೆ ನಮ್ಮ ಕಣ್ಣಿಗೆ ಕೋಲು ಹಿಡಿದು ನಡೆಯುವವನು ಬರುತ್ತಾನೆ. ಕುದುರೆ ಕಾಣೆಯಾಗುತ್ತದೆ. ‘ರೋಡಿಯೊ’ ಕೂಡ ಉಳಿಯಲಿ ಅನ್ನಿಸಿತು. ಅದು ಸ್ಪ್ಯಾನಿಷ್ ಮಾತು, ‘ಸುತ್ತುವರಿ’ ಅನ್ನುವ ಕ್ರಿಯಾಪದದಿಂದ ಬಂದದ್ದು. ಮೇಯಲು ಬಿಟ್ಟ ದನಗಳನ್ನು ಸುತ್ತುಗಟ್ಟಿ ಒಂದೆಡೆ ಸೇರಿಸುವ ಕೆಲಸದ ಹೆಸರು ಆಮೇಲೆ ಹೋರಿ ಸವಾರಿಯಂಥ ಕೌಬಾಯ್ ಪಂದ್ಯಗಳ ಆಟದ ಹೆಸರಾಯಿತು. ಇಂಗ್ಲಿಷಿನವರೇ ಎರವಲು ತಂದ ಮಾತನ್ನು ನಾವೂ ಎರವಲು ತಂದರೆ ತಪ್ಪೇನಿಲ್ಲ, ಅಲ್ವಾ?

ಈಗ ನನ್ನ ಪ್ರಶ್ನೆ. ರೋಡಿಯೊ ಜನರ ಬಾಯಲ್ಲಿ ‘ಟ್ರೈ’ ಒಂದು ನಾಮಪದ. ‘ಆ ಹುಡುಗನಲ್ಲಿ ತುಂಬ ಟ್ರೈ ಇದೆ’ ಅನ್ನುತ್ತಾರೆ. ಬುದ್ಧಿ ಇದೆ, ಕಸುವು ಇದೆ ಅಂದ ಹಾಗೆ. ಅದು ಒಬ್ಬನಲ್ಲಿ ಜಾಸ್ತಿ ಇರಬಹುದು, ಇನ್ನೊಬ್ಬನಲ್ಲಿ ಕಡಿಮೆ ಇರಬಹುದು.

ಈ ಮಾತನ್ನು ನಾನು ಮೊದಲು ಕೇಳಿದ್ದು ವಯೋಮಿಂಗ್‌ನ ಶಾಯನ್ ಊರಿನಲ್ಲಿ. ಅಲ್ಲಿ 1897ರಿಂದ ರೋಡಿಯೊ ನಡೆಯುತ್ತಿದೆ. ಹೋರಿ ಸವಾರಿಯ ಹೊತ್ತಿಗೆ ನನಗೆ ಗೇಟಿನ ಪಕ್ಕದಲ್ಲೇ ಜಾಗ ಸಿಕ್ಕಿತ್ತು. ಪಶು ಆಸ್ಪತ್ರೆಯಲ್ಲಿ ದನ ನಿಲ್ಲಿಸುವ ಕಬ್ಬಿಣದ ಚೌಕಟ್ಟಿನಂಥ ಇಕ್ಕಟ್ಟಿನಲ್ಲಿ ಹೋರಿ ನಿಂತಿತ್ತು. ಇಪ್ಪತ್ತು ವರ್ಷವೂ ಆಗಿರದ ಹುಡುಗನೊಬ್ಬ ಮೇಲೆ ಕೂತು ಹಗ್ಗ ಬಿಗಿಸುತ್ತಿದ್ದ. ಹಗ್ಗಕ್ಕೆ ರಾಳ ಸವರಿತ್ತು. ಚರ್ಮದ ಗವಸು ಹಾಕಿದ ಕೈಯಿಂದ ಅದನ್ನು ಮೇಲೆ ಕೆಳಗೆ ಜೋರಾಗಿ ಉಜ್ಜಿದ. ಉಜ್ಜಿದ ಕಾವಿಗೆ ರಾಳ ಅಂಟಾಗುತ್ತದೆ, ಹಿಡಿತ ಕೂರುತ್ತದೆ. ಆಮೇಲೆ ಹಗ್ಗವನ್ನು ಅಂಗೈಗೆ ಸುತ್ತಿ, ಇನ್ನೊಂದು ಕೈಯ ಮುಷ್ಟಿಯಿಂದ ಬೆರಳುಗಳ ಮೇಲೆ ಗುದ್ದಿ ಗುದ್ದಿ ಮುಚ್ಚಿದ. ತಲೆಯಾಡಿಸಿದ. ಗೇಟು ತೆರೆಯಿತು.

ಎಂಟು ಸೆಕೆಂಡು ಕೂರಬೇಕು. ಒಂದೇ ಕೈಯಲ್ಲಿ ಹಿಡಿಯಬೇಕು. ಇನ್ನೊಂದು ಕೈ ಹೋರಿಗಾಗಲಿ ತನಗಾಗಲಿ ತಗುಲಿದರೆ ಮುಗಿಯಿತು. ಕೂತರೆ 100ಕ್ಕೆ ಅಂಕ: ಅರ್ಧ ಸವಾರನಿಗೆ, ಅರ್ಧ ಹೋರಿಗೆ. ಈ ಹುಡುಗ ಮೂರನೆಯ ಸೆಕೆಂಡಿಗೇ ಪಕ್ಕಕ್ಕೆ ಜಾರಿದ. ಕೆಲಸ ಕೆಟ್ಟಿತು ಅಂತ ನೋಡುವವರಿಗೆಲ್ಲ ಗೊತ್ತಾಯಿತು. ಅವನ ಬೆರಳುಗಳು ಮಾತ್ರ ಬಿಚ್ಚಲಿಲ್ಲ. ಹೋರಿಯ ಪಕ್ಕೆಗೆ ನೇತುಬಿದ್ದು, ಒಂದು ಕಾಲನ್ನು ಮತ್ತೆ ಮೇಲೆ ಎಳೆದುಕೊಳ್ಳಲು ಹೆಣಗಿದ. ಆಮೇಲೆ ಬಿದ್ದ. ಅಂಕ ಸೊನ್ನೆ. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು ಟೋಪಿ ಸರಿಮಾಡಿಕೊಂಡು, ಮೆಲ್ಲಗೆ, ಹುಡುಗನಲ್ಲಿ ಟ್ರೈ ಇದೆ ಅಂದರು.

ಸೊನ್ನೆ ಬಂದವನಿಗೆ ಈ ಮಾತು ಯಾಕೆ ಸಲ್ಲುತ್ತದೆ ಅಂತ ಆಮೇಲೆ ಅರ್ಥವಾಯಿತು. ರೋಡಿಯೊ ಸವಾರನಿಗೆ ಸಂಬಳವಿಲ್ಲ. ಅವನೇ ಪ್ರವೇಶದ ಹಣ ಕಟ್ಟಿ, ತನ್ನ ಖರ್ಚಿನಲ್ಲೇ ಊರಿಂದ ಊರಿಗೆ ಹೋಗಬೇಕು. ಗೆದ್ದರಷ್ಟೇ ದುಡ್ಡು. ಬಹುಮಾನದ ಹಣದಲ್ಲಿ ನ್ಯಾಯ ಬೇಕೆಂದು 1936ರಲ್ಲಿ ಬಾಸ್ಟನ್‌ನಲ್ಲಿ ಅವರು ಮುಷ್ಕರ ಹೂಡಿ ಸಂಘ ಕಟ್ಟಿಕೊಂಡರು. ಸಂಘದ ಹೆಸರಿನಲ್ಲಿ ಆಮೆ ಇತ್ತು. ಒಗ್ಗೂಡಲು ನಿಧಾನ ಮಾಡಿದರೂ ಕೊನೆಗೆ ಕತ್ತು ಹೊರಗೆ ಚಾಚಿದೆವು ಅನ್ನುವ ಅರ್ಥದಲ್ಲಿ. ಇಂಥ ಬಾಳಿನಲ್ಲಿ ಬಿದ್ದವನು ಬರಿಗೈಲಿ ಮನೆಗೆ ಹೋಗುತ್ತಾನೆ. ಜೊತೆಯವರು ಅವನಿಗೆ ಕೊಡಬಹುದಾದದ್ದು ಈ ಒಂದು ಮಾತು. ಇದಕ್ಕಿಂತ ದೊಡ್ಡ ಹೊಗಳಿಕೆ ಅವರಲ್ಲಿಲ್ಲ.

ಕನ್ನಡಕ್ಕೆ ಬರೋಣ. ‘ಟ್ರೈ’ ಅಂತಲೇ ಬಿಡಲಾಗದು. ನಾವು ‘ಟ್ರೈ ಮಾಡ್ತೀನಿ’ ಅಂದರೆ ಎಷ್ಟೋ ಸಲ ‘ಆಗಲಿಕ್ಕಿಲ್ಲ’ ಅಂತ ಅರ್ಥ. ಅದೇ ಪದ ನಮ್ಮಲ್ಲಿ ಸೊರಗಿಹೋಗಿದೆ. ‘ಪ್ರಯತ್ನ’ ಅನ್ನುವುದು ಒಂದು ಸಲ ಮಾಡಿ ಮುಗಿಸುವ ಕೆಲಸ, ಮನುಷ್ಯನೊಳಗೆ ಇರುವ ವಸ್ತುವಲ್ಲ. ‘ಛಲ’ಕ್ಕೆ ಎದುರಾಳಿ ಬೇಕು. ಈ ಹುಡುಗನಿಗೆ ಹೋರಿಯ ಮೇಲೆ ದ್ವೇಷವೇನೂ ಇರಲಿಲ್ಲ. ‘ಹಟ’ ಮಕ್ಕಳದ್ದು.

‘ಪಟ್ಟು’ ನನಗೆ ತುಂಬ ಇಷ್ಟವಾಯಿತು. ಗರಡಿಯ ಹಿಡಿತವೂ ಅದೇ, ಬಿಡದ ಮನಸ್ಸೂ ಅದೇ. ಹಗ್ಗ ಹಿಡಿದ ಮುಷ್ಟಿಗೆ ಹೇಳಿ ಮಾಡಿಸಿದಂತಿದೆ. ಆದರೆ ಅವನು ಬಿದ್ದ ಮೇಲೆ ಪಟ್ಟು ಹೋಯಿತು, ಟ್ರೈ ಹೋಗಲಿಲ್ಲ. ‘ಕೆಚ್ಚು’ ಇನ್ನೂ ಹತ್ತಿರ. ಮರದ ತಿರುಳಿಗೂ ಅದೇ ಹೆಸರು. ಮೇಲಿನ ತೊಗಟೆ ಹೋದರೂ ಒಳಗೆ ಉಳಿಯುವ ಗಟ್ಟಿ ಭಾಗ. ಅರ್ಥ ಚೆನ್ನಾಗಿ ಕೂರುತ್ತದೆ. ಆದರೆ ಭಾಷಣಗಳಲ್ಲಿ ಬಳಸಿ ಬಳಸಿ ಅದಕ್ಕೆ ಕಹಳೆಯ ದನಿ ಬಂದಿದೆ. ಆ ಹಿರಿಯರು ಮೆಲ್ಲಗೆ ಹೇಳಿದ್ದರು.

ಕನ್ನಡದ ವ್ಯಾಕರಣದಲ್ಲೇ ಇನ್ನೊಂದು ದಾರಿಯಿದೆ. ನಾವು ‘ಹತ್ತಿ ನೋಡು’, ‘ಎತ್ತಿ ನೋಡು’ ಅನ್ನುತ್ತೇವೆ. ‘ನೋಡು’ ಅನ್ನುವುದೇ ನಮ್ಮ ಟ್ರೈ. ಆದರೆ ಅದನ್ನು ನಾಮಪದ ಮಾಡಲು ಹೋದರೆ ಸುಮ್ನೆ ಕೃತಕವಾಗುತ್ತದೆ. ‘ನೋಡುವಿಕೆ’ ಅಂದರೆ ಬರೀ ಕಣ್ಣಿನ ಕೆಲಸ.

ಕೊನೆಗೆ ನನಗೆ ತೋಚಿದ್ದು ಇದು. ನಮ್ಮಲ್ಲಿ ‘ಮೈಗಳ್ಳ’ ಅನ್ನುವ ಪದವಿದೆ. ಎಷ್ಟು ಖಚಿತವಾದ ಪದ! ಮೈಯನ್ನು ಕೆಲಸಕ್ಕೆ ಕೊಡದೆ ಕದಿಯುವವನು. ಮನುಷ್ಯನಿಗೂ ಅನ್ನುತ್ತೇವೆ, ನೊಗಕ್ಕೆ ಹೆಗಲು ಕೊಡದ ಎತ್ತಿಗೂ ಅನ್ನುತ್ತೇವೆ. ಟ್ರೈ ಅನ್ನುವುದು ಇದಕ್ಕೆ ನೇರ ಎದುರು. ಹಾಗಾದರೆ ಮೈಗಳ್ಳತನದ ಎದುರು ಪದ ಯಾವುದು? ‘ಮೈಯೊಡ್ಡು’, ‘ಎದೆಗೊಡು’ ಅನ್ನುವ ಕ್ರಿಯಾಪದಗಳಿವೆ. ಗುಣದ ಹೆಸರು ಬೇಕು.

ಅದು ಎಲ್ಲೋ ಇದ್ದೇ ಇರುತ್ತದೆ ಅಂತ ನನ್ನ ನಂಬಿಕೆ. ಹಾವೇರಿ, ಶಿಕಾರಿಪುರ, ಸೊರಬದ ಕಡೆಯವರನ್ನು ಮುಖ್ಯವಾಗಿ ಕೇಳುತ್ತಿದ್ದೇನೆ. ಹೋರಿ ಹಬ್ಬದಲ್ಲಿ ಯಾರೂ ಹೋರಿ ಹತ್ತುವುದಿಲ್ಲ, ಗೊತ್ತು. ಕೊರಳಿನ ಕೊಬ್ಬರಿ ಸರಕ್ಕೆ ಕೈ ಹಾಕಲು ಜೊತೆಗೆ ಓಡುತ್ತಾರೆ. ಒಂದು ಚೂರು ಕೊಬ್ಬರಿಯೂ ಸಿಗದೆ, ಮೊಣಕೈ ತರಚಿಕೊಂಡು ಎದ್ದು ಬಂದ ಹುಡುಗನಿಗೆ ಕಟ್ಟೆ ಮೇಲಿನ ಹಿರಿಯರು ಏನನ್ನುತ್ತಾರೆ? ಕೆಸರಿನಲ್ಲಿ ಮೊಣಕಾಲೂರಿದರೂ ಮತ್ತೆ ಗಾಡಿ ಎಳೆಯಲು ಏಳುವ ಎತ್ತಿನಲ್ಲಿ ಏನಿದೆ ಅನ್ನುತ್ತಾರೆ? ನಿಮ್ಮ ಮನೆಯಲ್ಲಿ, ನಿಮ್ಮ ಊರಲ್ಲಿ ಕೇಳಿದ ಮಾತನ್ನು ಹಾಗೆಯೇ ಬರೆಯಿರಿ. ಯಾವ ಊರು, ಮನುಷ್ಯರಿಗೆ ಹೇಳುವುದೋ ದನಕ್ಕೋ, ಎರಡಕ್ಕೂ ಹೇಳುವುದೋ ಅಂತಲೂ ತಿಳಿಸಿದರೆ ಒಳ್ಳೆಯದು. ಎರಡೋ ಮೂರೋ ಅಕ್ಷರದ್ದಾದರೆ ಪದ್ಯದ ಸಾಲಿನಲ್ಲಿ ಹಿಡಿಸುತ್ತದೆ. ಆ ಜಾಗವನ್ನು ಖಾಲಿ ಬಿಟ್ಟುಕೊಂಡಿದ್ದೇನೆ.